ಮ್ಯಾಡ್ರಿಡ್‌ನ ಕಾಗದ, ಬೇಕಲದ ಹೊಯಿಗೆ

ಕೇರಳದ ಕಾಸರಗೋಡು ಜಿಲ್ಲೆಯ ಕಡಲತೀರ ಬೇಕಲದಲ್ಲಿ ಪ್ರವಾಸೋದ್ಯಮದ ಮಾತೆತ್ತಿದರೆ ಘೋಷಣೆ, ಕಾನೂನು, ಸರ್ಟಿಫಿಕೇಟು ಮೂರೂ ಕಲಸಿಹೋಗುತ್ತವೆ. ಒಂದೊಂದಾಗಿ ಬಿಡಿಸೋಣ.

ಪ್ರವಾಸೋದ್ಯಮ ಹೇಗಿರಬೇಕೆಂಬ ಅಂತರರಾಷ್ಟ್ರೀಯ ಘೋಷಣೆಗಳ ಸಾಲು ಉದ್ದ: 1980ರ ಮನಿಲಾ, 1995ರ ಲಾಂಜರೋಟೆ (ಸ್ಪೇನಿನ ದ್ವೀಪ), 1999ರಲ್ಲಿ ಮ್ಯಾಡ್ರಿಡ್ ಮೂಲದ ವಿಶ್ವ ಪ್ರವಾಸೋದ್ಯಮ ಸಂಸ್ಥೆಯ ನೀತಿಸಂಹಿತೆ, 2023ರಲ್ಲಿ ಜಿ20 ದೇಶಗಳ ಗೋವಾ ಮಾರ್ಗಸೂಚಿ. ಹೆಚ್ಚಿನವಕ್ಕೆ ಸರಕಾರಗಳು ಒಪ್ಪಿದವು. ಪಾಲಿಸದಿದ್ದರೆ ದಂಡ ಯಾವುದಕ್ಕೂ ಇಲ್ಲ. ಒಪ್ಪಿಗೆ ಅಷ್ಟು ಸಲೀಸಾಗಿ ಸಿಕ್ಕಿದ್ದೂ ಬಹುಶಃ ಅದಕ್ಕೇ.

ಕಟ್ಟುಪಾಡು ಬಂದದ್ದು ಬೇರೆ ದಾರಿಯಲ್ಲಿ. ಬೇಕಲವನ್ನು ವಿಶೇಷ ಪ್ರವಾಸಿ ಪ್ರದೇಶವೆಂದು ಕೇಂದ್ರ ಆರಿಸಿದ್ದು 1992ರಲ್ಲಿ. ಅದರ ಹಿಂದಿನ ವರ್ಷವೇ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದಿತ್ತು. ಹಳ್ಳಿಯ ಕಡಲತೀರದಲ್ಲಿ ಉಬ್ಬರದ ರೇಖೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು. 2019ರಲ್ಲಿ, ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಲ್ಲಿ ಇದು 50 ಮೀಟರಿಗೆ ಇಳಿಯಿತು. ತೊಡಕು ಅಳತೆಯಲ್ಲಿದೆ. ಕಡಲ್ಕೊರೆತಕ್ಕೆ ದಡ ಸರಿಯುತ್ತದೆ, ನಕ್ಷೆಯ ಗೆರೆ ಅಲ್ಲೇ ಇರುತ್ತದೆ. ಅದೂ ಅಲ್ಲದೆ ಕಾನೂನು ಅಳೆಯುವುದು ನೆಲದ ಮೇಲಿನ ದೂರವನ್ನು. ಹೊಯಿಗೆ ನೆಲದಲ್ಲಿ ನೀರು ಬೇಗ ಇಂಗುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದಾಗ ಶೌಚದ ಗುಂಡಿಯ ನೀರು ಸೋಸಿಹೋಗಲು ಒಣಮಣ್ಣೇ ಉಳಿಯುವುದಿಲ್ಲ, ಪಕ್ಕದ ಬಾವಿ ಕೆಡುತ್ತದೆ. ಗೆರೆಯಾಚೆ ನಿಯಮಬದ್ಧವಾಗಿ ಕಟ್ಟಿದ ರೆಸಾರ್ಟಿನಿಂದಲೂ ಹೀಗಾಗಬಹುದು.

2002ರ ಕೇಪ್‌ಟೌನ್ ಘೋಷಣೆಯೊಂದು ಮಾತ್ರ ಕೇರಳದಲ್ಲಿ ಬೇರು ಬಿಟ್ಟಿತು. 'ಜವಾಬ್ದಾರಿ ಪ್ರವಾಸೋದ್ಯಮ'ವೆಂದು ಕೋವಳಂ, ಕುಮರಕಂ, ತೇಕ್ಕಡಿ, ವಯನಾಡುಗಳಲ್ಲಿ ಶುರುವಾಗಿ, ಎರಡನೇ ಹಂತದಲ್ಲಿ ಬೇಕಲಕ್ಕೆ ಬಂತು. ಹೋಟೆಲುಗಳು ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಹೆಂಗಸರಿಂದ ತರಕಾರಿ ಕೊಳ್ಳಬೇಕೆಂಬುದು ಅದರ ತಿರುಳು. ಆದರೆ ಹೋಟೆಲಿಗೆ ವರ್ಷವಿಡೀ ಒಂದೇ ಅಳತೆ ಬೇಕು. ಊರ ತರಕಾರಿ ಗದ್ದೆಯಲ್ಲಿ ಹೇರಳವಾಗಿ ಸಿಗುವುದು ಬೇಸಿಗೆಯಲ್ಲಿ. ಮಳೆಗಾಲದ ಕೊರತೆ ತುಂಬಲು ಹೊರಗಿನ ಲಾರಿಯೇ ಬರಬೇಕು. ಒಮ್ಮೆ ಕುದುರಿದ ಲಾರಿ ಬೇಸಿಗೆಗೆ ನಿಲ್ಲುತ್ತದೆಯೆ?

ಇನ್ನು ಬ್ಲೂ ಫ್ಲ್ಯಾಗ್. ಇದು ಸರಕಾರಗಳ ಒಪ್ಪಂದವಲ್ಲ, ಸ್ವಚ್ಛ ಕಡಲತೀರಗಳಿಗೆ ಡೆನ್ಮಾರ್ಕಿನ ಖಾಸಗಿ ಪ್ರತಿಷ್ಠಾನ ಕೊಡುವ ಮಾನ್ಯತೆ. 33 ಮಾನದಂಡ, ವರ್ಷಕ್ಕೊಮ್ಮೆ ನವೀಕರಣ. 100 ಮಿಲಿ ಲೀಟರ್ ನೀರಿನಲ್ಲಿ ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಎಣಿಕೆ 250 ದಾಟಬಾರದು. (2020ರಲ್ಲಿ ಬಾವುಟ ಸಿಕ್ಕಿದ್ದು ಹೊನ್ನಾವರದ ಕಾಸರಕೋಡಿಗೆ, ಕಾಸರಗೋಡಿಗಲ್ಲ.)

ಪ್ರವಾಸೋದ್ಯಮ ಬಳಸುವ ನೀರು, ಬಿಸಾಡುವ ಕಸ, ಕೊಡುವ ಕೆಲಸಗಳನ್ನು ಎಲ್ಲ ದೇಶಗಳೂ ಒಂದೇ ಬಗೆಯಲ್ಲಿ ಲೆಕ್ಕ ಹಾಕುವ ಚೌಕಟ್ಟನ್ನು ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2024ರಲ್ಲಿ ಒಪ್ಪಿದೆ. ಅದು ಬೇಕಲದವರೆಗೆ ಇಳಿಯಬೇಕಾದರೆ ರೆಸಾರ್ಟುಗಳ ಬೋರ್‌ವೆಲ್ಲಿಗೆ ಮೀಟರ್ ಕೂರಿಸಿ, ಪ್ರತಿ ತಿಂಗಳು ಓದಿ, ಪಂಚಾಯತಿನ ಪುಸ್ತಕದಲ್ಲಿ ಬರೆದಿಡಬೇಕು.