ಆರ್ಚರ್‌ನನ್ನು ತೆಗೆದು ಹಾಕಿ: ಕತ್ತಿ ಗೇಮ್‌ಗಳ ಒಂದು ಮುಗಿಯದ ಜಗಳ

ಶನಿವಾರ ರಾತ್ರಿ ಹತ್ತೂವರೆ ಆಗಿರಬೇಕು. ನಾನು ಬೆಳಗಾವಿಯ ತಿಲಕವಾಡಿಯ ನನ್ನ ರೂಮಿನಲ್ಲಿ, ಇನ್ನೊಬ್ಬ ಗೋಕಾಕದಲ್ಲಿ, ಮತ್ತೊಬ್ಬ ಜಮಖಂಡಿಯಲ್ಲಿ. ಮೂವರೂ ಹೆಡ್‌ಸೆಟ್ ಹಾಕಿಕೊಂಡು ಶಿವಲ್ರಿ 2 ಅನ್ನೋ ಆನ್‌ಲೈನ್ ಕತ್ತಿ ಗೇಮ್ ಆಡುತ್ತಿದ್ದೆವು. ಗೋಕಾಕದವನು ಯಾವಾಗಲೂ ನೈಟ್, ಅಂದರೆ ಹಳೇ ಯೂರೋಪಿನ ಕವಚದ ಯೋಧ. ಮೈತುಂಬ ಕಬ್ಬಿಣ, ಕೈಯಲ್ಲಿ ದೊಡ್ಡ ಸುತ್ತಿಗೆ. ಅವತ್ತು ಇಬ್ಬರನ್ನು ಒಟ್ಟಿಗೆ ಎದುರು ಹಾಕಿಕೊಂಡ. ಒಬ್ಬನ ಏಟು ತಡೆದು, ಇನ್ನೊಬ್ಬನಿಗೆ ಒದ್ದು, ಹಿಂದೆ ಸರಿದು, ಮತ್ತೆ ನುಗ್ಗಿ, ಕೊನೆಗೆ ಇಬ್ಬರನ್ನೂ ಕೆಡವಿದ. ನಾವು ಸುಮ್ನೆ ನಿಂತು ನೋಡುತ್ತಿದ್ದೆವು, ಅಷ್ಟು ಚೆನ್ನಾಗಿತ್ತು. ಗಾಯಕ್ಕೆ ಪಟ್ಟಿ ಕಟ್ಟಿಕೊಳ್ಳಲು ಶುರು ಮಾಡಿದ, ಅಷ್ಟರಲ್ಲಿ ಗೋಡೆ ಮೇಲಿಂದ ಒಂದು ಬಾಣ ಬಂತು. ಸತ್ತ.

"ಲೇ, ಧಮ್ಮಿದ್ರ ಕೆಳಗ ಇಳದ ಬಾರಲೇ!"

ಅದು ಆ ಬಿಲ್ಲಿನವನಿಗೆ ಕೇಳಿಸಲಿಲ್ಲ, ಇವನ ಮನೆಯವರಿಗೆಲ್ಲ ಕೇಳಿಸಿತು. ಆಟ ಮುಗಿದ ಮೇಲೆ ಕೂತು ಗೇಮ್ ಮಾಡಿದವರಿಗೆ ಅಭಿಪ್ರಾಯ ಬರೆದ. ಉದ್ದದ್ದೇನಲ್ಲ, ಒಂದೇ ಸಾಲು. ಆರ್ಚರ್ ಕ್ಲಾಸ್ ತೆಗೆದು ಹಾಕಿ. ಆರ್ಚರ್ ಅಂದರೆ ಬಿಲ್ಲುಗಾರ, ಕ್ಲಾಸ್ ಅಂದರೆ ಆಡುವವನು ಆರಿಸಿಕೊಳ್ಳುವ ಯೋಧನ ಬಗೆ.

ಇದನ್ನು ಬರೆದವರಲ್ಲಿ ಅವನು ಮೊದಲನೆಯವನೂ ಅಲ್ಲ, ಸಾವಿರದನೆಯವನೂ ಅಲ್ಲ. ಈ ಜಾತಿಯ ಗೇಮ್ ಹುಟ್ಟಿದಾಗಿಂದ ಆಟಗಾರರು ಇದನ್ನೇ ಬರೆಯುತ್ತಿದ್ದಾರೆ. ಮಾಡುವವರು ಓದುತ್ತಾರೆ, ಏನೋ ಬದಲಾಯಿಸುತ್ತಾರೆ, ಮುಂದಿನ ವಾರ ಇನ್ನೊಂದು ಕ್ಲಾಸ್ ಮೇಲೆ ದೂರು ಬರುತ್ತದೆ.

ಕ್ಲಾಸ್ ಅಂದರೆ ಏನು ಅಂತ ಗೇಮ್ ಆಡದವರು ಕೇಳಿದರೆ ನಾನು ಕುಸ್ತಿಯ ಮಾತು ಎತ್ತುತ್ತೇನೆ. ನಮ್ಮ ಆನಂದವಾಡಿ ಅಖಾಡದಲ್ಲೋ ಯಾವುದಾದರೂ ಊರ ಜಾತ್ರೆಯಲ್ಲೋ ಮಣ್ಣಿನ ಕುಸ್ತಿ ನೋಡಿದವರಿಗೆ ಗೊತ್ತು, ಹಲಗಿ ಬಡಿಯುವುದಕ್ಕೆ ಮುಂಚೆ ಒಂದು ದೊಡ್ಡ ಕೆಲಸ ಇರುತ್ತದೆ. ಜೋಡಿ ಹಚ್ಚುವುದು. ಹಳೇ ಪೈಲ್ವಾನರು ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ ಹೆಗಲು ನೋಡುತ್ತಾರೆ, ತೊಡೆ ನೋಡುತ್ತಾರೆ, ಕಿವಿ ನೋಡುತ್ತಾರೆ. ಕಿವಿ ಮುದುಡಿ ಗಟ್ಟಿಯಾಗಿದ್ದರೆ ಹುಡುಗ ಪಳಗಿದವನು ಅಂತ ಲೆಕ್ಕ. ಜೋಡಿ ಸರಿ ಬೀಳಲಿಲ್ಲ ಅಂದರೆ ಸುತ್ತ ಕೂತ ಜನ ಅಲ್ಲೇ ಕೂಗುತ್ತಾರೆ, ಕುಸ್ತಿ ಶುರುವಾಗುವವರೆಗೂ ಕಾಯುವುದಿಲ್ಲ.

ಆನ್‌ಲೈನ್ ಯುದ್ಧಭೂಮಿಗೆ 64 ಜನ ಒಟ್ಟಿಗೆ ನುಗ್ಗುತ್ತಾರೆ. ಒಬ್ಬ 2,000 ಗಂಟೆ ಆಡಿದವನು, ಇನ್ನೊಬ್ಬ ಇವತ್ತು ಸಂಜೆ ಡೌನ್‌ಲೋಡ್ ಮಾಡಿದವನು. ಅಲ್ಲಿ ಕಿವಿ ನೋಡುವ ಹಿರಿಯರಿಲ್ಲ. ಆ ಕೆಲಸದ ಸ್ವಲ್ಪ ಭಾಗವನ್ನು ಗೇಮ್ ಮಾಡಿದವರು ಕ್ಲಾಸ್‌ಗೆ ಒಪ್ಪಿಸಿದರು. ನಿನಗೆ ವೇಗ ಇದೆ, ಕವಚ ಇಲ್ಲ. ನಿನಗೆ ಕವಚ ಇದೆ, ಓಡೋದಕ್ಕೆ ಆಗಲ್ಲ. ಹೀಗೆ ಕೊಟ್ಟು ಕಿತ್ತುಕೊಂಡು ಸಮ ಮಾಡುವ ಲೆಕ್ಕ.

ಶಿವಲ್ರಿಯಲ್ಲಿ ಈ ಲೆಕ್ಕ ಶುರುವಾಗಿದ್ದು 2007ರಲ್ಲಿ ಬಂದ ಏಜ್ ಆಫ್ ಶಿವಲ್ರಿ ಹೊತ್ತಿಗೆ. ಅದು ಸ್ವತಂತ್ರ ಗೇಮ್ ಕೂಡ ಅಲ್ಲ, ಹಾಫ್ ಲೈಫ್ 2 ಅನ್ನೋ ಗೇಮ್‌ನ ಮೇಲೆ ಆಸಕ್ತರು ಕಟ್ಟಿದ ಒಂದು ಮಾಡ್, ಅಂದರೆ ಇದ್ದ ಗೇಮ್‌ಗೇ ಕೊಟ್ಟ ಹೊಸ ರೂಪ, ಪುಕ್ಕಟೆ. ಅದನ್ನು ಕಟ್ಟಿದವರಲ್ಲಿ ಕೆಲವರು ಮುಂದೆ ಕೆನಡಾದಲ್ಲಿ ಟಾರ್ನ್ ಬ್ಯಾನರ್ ಸ್ಟುಡಿಯೋಸ್ ಶುರು ಮಾಡಿ 2012ರ ಅಕ್ಟೋಬರ್‌ನಲ್ಲಿ ಶಿವಲ್ರಿ: ಮಿಡೀವಲ್ ವಾರ್‌ಫೇರ್ ತಂದರು. ಅದರಲ್ಲಿ ನಾಲ್ಕು ಕ್ಲಾಸ್. ಆರ್ಚರ್, ಮ್ಯಾನ್ ಅಟ್ ಆರ್ಮ್ಸ್, ವ್ಯಾನ್‌ಗಾರ್ಡ್, ನೈಟ್. ಇವತ್ತಿನ ಬೈಗುಳಗಳ ಬೇರೆಲ್ಲ ಈ ನಾಲ್ಕರಲ್ಲೇ ಇದೆ.

ಆರ್ಚರ್ ಬಗ್ಗೆ ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಕುತೂಹಲ ಇರುವುದು ಮ್ಯಾನ್ ಅಟ್ ಆರ್ಮ್ಸ್ ಮೇಲೆ. ಇವನಿಗೆ ಕವಚ ಕಡಿಮೆ, ಕತ್ತಿ ಸಣ್ಣದು. ಆದರೆ ಮೊದಲ ಶಿವಲ್ರಿಯಲ್ಲಿ ಇವನೊಬ್ಬನಿಗೇ ಒಂದು ವರ ಕೊಟ್ಟಿದ್ದರು: ಪಕ್ಕಕ್ಕೆ, ಹಿಂದಕ್ಕೆ ಚಂಗನೆ ಜಿಗಿಯುವ ಶಕ್ತಿ. ಕಾಗದದ ಮೇಲೆ ಇದು ಸರಿಯಾಗೇ ಇದೆ. ಬಡಪಾಯಿ, ಒಂದೆರಡು ಏಟಿಗೆ ಸಾಯುತ್ತಾನೆ, ಜಿಗಿದಾದರೂ ಬದುಕಿಕೊಳ್ಳಲಿ ಅಂತ. ಆದರೆ ಆಡುವಾಗ ಏನಾಯಿತು ನೋಡಿ. ನೈಟ್ ಕತ್ತಿ ಬೀಸಿದ. ಅವನ ಪರದೆಯ ಮೇಲೆ ಎದುರಿನವನು ಕತ್ತಿಯ ಅಳತೆಯೊಳಗೇ ನಿಂತಿದ್ದಾನೆ. ಆದರೆ ಎದುರಿನವನ ಕಂಪ್ಯೂಟರ್‌ನಲ್ಲಿ ಅವನು ಆಗಲೇ ಎರಡು ಹೆಜ್ಜೆ ಹಿಂದೆ ಜಿಗಿದಾಗಿದೆ, ಆ ಸುದ್ದಿ ಮಾತ್ರ ಇನ್ನೂ ದಾರಿಯಲ್ಲಿದೆ. ಏಟು ಗಾಳಿಗೆ ಹೋಗುತ್ತದೆ. ಮರುಕ್ಷಣ ಅವನು ನಿಮ್ಮ ಮುಖದ ಮುಂದೆ. ಇದನ್ನು ನಾಲ್ಕು ಸಲ ಅನುಭವಿಸಿದವನು ಏನು ಬರೆಯುತ್ತಾನೆ? ಮ್ಯಾನ್ ಅಟ್ ಆರ್ಮ್ಸ್‌ನ ಬಲ ಕಡಿಮೆ ಮಾಡಿ ಅಂತ ಬರೆಯುತ್ತಾನೆ. ನೆಟ್‌ವರ್ಕ್ ತಡ ಆಗುತ್ತಿದೆ ಅಂತ ಬರೆಯುವುದಿಲ್ಲ, ಯಾಕಂದರೆ ಅವನನ್ನು ಕೊಂದದ್ದು ನೆಟ್‌ವರ್ಕ್ ಅಲ್ಲವಲ್ಲ, ಕಣ್ಣಿಗೆ ಕಂಡ ಆ ಮಂಗ.

ಅದೇ ಗೇಮ್‌ನಲ್ಲಿ ಇನ್ನೊಂದು ರೋಗವೂ ಇತ್ತು. ಕತ್ತಿಯ ಏಟು ಮೌಸ್ ಹಿಂದೆ ಹೋಗುತ್ತಿತ್ತು. ಹಾಗಾಗಿ ಪಳಗಿದವರು ಏಟು ಬೀಸುವಾಗ ಎದುರಾಳಿಗೆ ಬೆನ್ನು ತಿರುಗಿಸಿ, ಗಿರಗಿರನೆ ಸುತ್ತಿ, ಕತ್ತಿ ಹಿಂದಿನಿಂದ ಬಂದು ತಾಗುವ ಹಾಗೆ ಮಾಡುತ್ತಿದ್ದರು. ರಿವರ್ಸ್ ಅಂತ ಅದರ ಹೆಸರು. ಮೈತುಂಬ ಕವಚ ತೊಟ್ಟ ಯೋಧ ಬುಗುರಿಯ ಹಾಗೆ ತಿರುಗುವುದನ್ನು ನೋಡಿದರೆ ನಗು ಬರುತ್ತದೆ, ಸತ್ತಾಗ ಮಾತ್ರ ನಗು ಬರುವುದಿಲ್ಲ. ಉದ್ದ ಆಯುಧ ಹಿಡಿದ ವ್ಯಾನ್‌ಗಾರ್ಡ್‌ಗಳು ಹೀಗೆ ಹೊಡೆದಾಗ ದೂರು ಬಂದದ್ದು ವ್ಯಾನ್‌ಗಾರ್ಡ್ ಮೇಲೆ. ತಪ್ಪು ಮೌಸ್‌ನಲ್ಲಿತ್ತು.

ಫಾರ್ ಆನರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ನಾನು ಅದನ್ನು ಜಾಸ್ತಿ ಆಡಿಲ್ಲ. ಯೂಬಿಸಾಫ್ಟ್ 2017ರ ಫೆಬ್ರವರಿ 14ಕ್ಕೆ ತಂದ ಗೇಮ್. ಬಂದಾಗ ನೈಟ್, ವೈಕಿಂಗ್, ಸಮುರಾಯ್ ಅಂತ ಮೂರು ಬಣ, ಬಣಕ್ಕೆ ನಾಲ್ಕರಂತೆ 12 ಹೀರೋಗಳು ಇದ್ದರು. ಇಲ್ಲಿ ಕ್ಲಾಸ್ ಅಂದರೆ ಪೂರ್ತಿ ಮನುಷ್ಯನೇ, ಅವನ ಪಟ್ಟುಗಳೆಲ್ಲ ಅವನವೇ. ಮೊದಮೊದಲು ಬಂದ ದೊಡ್ಡ ದೂರು ಬೇರೆ ಥರ ಇತ್ತು: ಯಾರೂ ಮೊದಲ ಏಟು ಹೊಡೆಯುತ್ತಿರಲಿಲ್ಲ. ತಡೆಯುವವನಿಗೇ ಲಾಭ ಇದ್ದರೆ ಹೊಡೆಯಲು ಯಾರು ಹೋಗುತ್ತಾರೆ? ಇಬ್ಬರೂ ಎದುರುಬದುರು ನಿಂತು ಒಬ್ಬರ ಮುಖ ಒಬ್ಬರು ನೋಡುವುದು. ಅದೇ ವರ್ಷ ಆಗಸ್ಟ್‌ನಲ್ಲಿ ಕಂಪನಿಯೇ ನಡೆಸಿದ ಪಂದ್ಯದಲ್ಲಿ ಗೆದ್ದವನು ಗೇಮ್‌ನ ಒಂದು ದೋಷವನ್ನು ಬಳಸಿ ಗೆದ್ದ, ಅದೂ ಎಲ್ಲರೂ ನೋಡುತ್ತಿದ್ದಾಗ. ಆಟಗಾರರು ತಿಂಗಳುಗಟ್ಟಲೆ ಬರೆದಿದ್ದನ್ನು ಅವನು ಒಂದೇ ದಿನದಲ್ಲಿ ತೋರಿಸಿಕೊಟ್ಟ. 2020ರಲ್ಲಿ ಅವರು ಬದಲಾವಣೆಗಳನ್ನು ಮೊದಲು ಆಟಗಾರರ ಕೈಯಲ್ಲೇ ಪರೀಕ್ಷೆ ಮಾಡಿಸುವ ಪದ್ಧತಿ ತಂದರು, ಆಮೇಲೆ ಹೋರಾಟದ ಮೂಲ ನಿಯಮಗಳನ್ನೇ ತಿದ್ದಿದರು. ಹೀರೋಗಳನ್ನು ಒಬ್ಬೊಬ್ಬರನ್ನಾಗಿ ತಿದ್ದುತ್ತಾ ಕೂತಿದ್ದರೆ ಇನ್ನೂ ತಿದ್ದುತ್ತಲೇ ಇರುತ್ತಿದ್ದರು.

ಈ ಕ್ಲಾಸ್ ತಲೆನೋವೇ ಬೇಡ ಅಂದವರು ಮೊರ್ಡ್‌ಹೌ ಮಾಡಿದ ಟ್ರೈಟರ್ನಿಯನ್. ಸ್ಲೊವೇನಿಯಾದ ಸಣ್ಣ ತಂಡ, ಜನರಿಂದ ಹಣ ಎತ್ತಿ ಮಾಡಿದ ಗೇಮ್, 2019ರ ಏಪ್ರಿಲ್ 29ಕ್ಕೆ ಬಂತು. ಕತ್ತಿಯ ಅಲಗನ್ನೇ ಕೈಯಲ್ಲಿ ಹಿಡಿದು ಹಿಡಿಯಿಂದ ಹೊಡೆಯುವ ಹಳೇ ಜರ್ಮನ್ ಪಟ್ಟಿಗೆ ಮೊರ್ಡ್‌ಹೌ ಅಂತ ಹೆಸರು, ಅದನ್ನೇ ಗೇಮ್‌ಗೆ ಇಟ್ಟರು. ಇಲ್ಲಿ ಕೈಗೆ 16 ಪಾಯಿಂಟ್ ಕೊಡುತ್ತಾರೆ. ಕವಚಕ್ಕೆ ಹಾಕು, ಆಯುಧಕ್ಕೆ ಹಾಕು, ನಿನ್ನಿಷ್ಟ. ಸಂತೆಗೆ ಹೋದ ಹಾಗೆ, ಜೇಬಲ್ಲಿ ಇಷ್ಟೇ ದುಡ್ಡು, ಎಲ್ಲ ಕೊಂಡುಕೊಳ್ಳಲು ಆಗಲ್ಲ. ದೊಡ್ಡ ಬಿಲ್ಲು ಬೇಕಾದರೆ ಅದಕ್ಕೇ ದೊಡ್ಡ ಪಾಲು ಹೋಗುತ್ತದೆ, ಮೈಮೇಲೆ ಹಾಕಲು ಹೆಚ್ಚೇನೂ ಉಳಿಯುವುದಿಲ್ಲ.

ಜನ ಏನು ಮಾಡಿದರು ಗೊತ್ತಾ? ಮೈಮೇಲೆ ಅರಿವೆ ಬಿಟ್ಟು ಏನೂ ಇಲ್ಲದೆ, ಉಳಿದ ಪಾಯಿಂಟ್‌ನಲ್ಲಿ ಉದ್ದನೆ ಕತ್ತಿ ಕೊಂಡು ಇಲಿಯ ಹಾಗೆ ಓಡಾಡಿದರು. ಲ್ಯೂಟ್ ಅನ್ನೋ ತಂತಿ ವಾದ್ಯ ಹಿಡಿದು, ಸುತ್ತ ತಲೆಗಳು ಉರುಳುತ್ತಿರುವಾಗ ಹಾಡು ಬಾರಿಸುತ್ತಾ ನಿಂತರು. ಅಡುಗೆಯ ಹಂಚು ಹಿಡಿದು ಬಡಿದಾಡಿದರು. ನನಗಂತೂ ಇದು ಖುಷಿ. ಆದರೆ ದೂರು ನಿಂತಿತಾ? ಇಲ್ಲ. ಆರ್ಚರ್ ಅನ್ನೋ ಕ್ಲಾಸೇ ಇಲ್ಲದ ಗೇಮ್‌ನಲ್ಲೂ ಜನ ಆರ್ಚರ್‌ನನ್ನು ಬೈದರು. ಬಿಲ್ಲಿನವರಿಗೆ ಹೊಡೆದರೆ ಜಾಸ್ತಿ ಪೆಟ್ಟು ಬೀಳುವ ಒಂದು ಗುಣವನ್ನೂ ಆ ಸಂತೆಯಲ್ಲಿ ಮಾರಾಟಕ್ಕೆ ಇಟ್ಟಿದ್ದರು. ದ್ವೇಷಕ್ಕೂ ಪಾಯಿಂಟ್ ಖರ್ಚು ಮಾಡಬಹುದು.

ಇಲ್ಲೊಂದು ಅಡ್ಡ ಮಾತು. ದೂರದಿಂದ ಹೊಡೆಯುವವನ ಮೇಲಿನ ಈ ಸಿಟ್ಟು ಗೇಮ್‌ಗಳದ್ದಲ್ಲ. 1139ರಲ್ಲಿ ರೋಮ್‌ನಲ್ಲಿ ಸೇರಿದ ಕ್ರೈಸ್ತ ಧರ್ಮಸಭೆ, ಕ್ರೈಸ್ತರ ಮೇಲೆ ಬಿಲ್ಲು, ಅಡ್ಡಬಿಲ್ಲು ಬಳಸಬಾರದು ಅಂತ ತೀರ್ಮಾನ ಮಾಡಿತ್ತು. ಅದು ನಮ್ಮ ಗೋಕಾಕದವನ ಒಂದು ಸಾಲಿನ ಅಭಿಪ್ರಾಯವೇ, ಮುದ್ರೆ ಒತ್ತಿದ್ದು ಅಷ್ಟೇ. ಯಾರೂ ಕೇಳಲಿಲ್ಲ. 1415ರಲ್ಲಿ ಅಜಿನ್‌ಕೋರ್ಟ್‌ನ ಕೆಸರಿನಲ್ಲಿ ಇಂಗ್ಲಿಷ್ ಬಿಲ್ಲುಗಾರರು ಫ್ರೆಂಚ್ ನೈಟ್‌ಗಳ ಗತಿ ಏನು ಮಾಡಿದರು ಅನ್ನೋದು ಗೊತ್ತೇ ಇದೆ. ನಮ್ಮಲ್ಲೂ ಅಷ್ಟೇ, ವಿಜಯಪುರದಲ್ಲಿ ಬುರುಜಿನ ಮೇಲೆ ಕೂತಿರುವ 55 ಟನ್ನಿನ ಮಲಿಕ್-ಎ-ಮೈದಾನ್ ತೋಪಿನ ಪಕ್ಕ ನಿಂತು ನೋಡಿ. ಅದರ ಎದುರು ಕತ್ತಿ ಹಿಡಿದು ಬರಬೇಕಾದವನು ಯಾರಿಗೆ ಅಭಿಪ್ರಾಯ ಬರೆಯಬೇಕು?

ಸರಿ, ಮತ್ತೆ ಟಾರ್ನ್ ಬ್ಯಾನರ್. 2021ರ ಜೂನ್ 8ಕ್ಕೆ ಶಿವಲ್ರಿ 2 ಬಂತು. ಪಿಸಿಯಲ್ಲಿ ಒಂದು ವರ್ಷ ಎಪಿಕ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಮಾತ್ರ, 2022ರ ಜೂನ್‌ನಲ್ಲಿ ಸ್ಟೀಮ್ ಅನ್ನೋ ಇನ್ನೊಂದು ಅಂಗಡಿಗೆ ಬಂತು, ನಾವು ಮೂವರೂ ಸೇರಿಕೊಂಡದ್ದು ಆಗಲೇ. ಹತ್ತು ವರ್ಷ ಕೇಳಿಸಿಕೊಂಡ ಬೈಗುಳ ಈ ಗೇಮ್‌ನ ಮೈಮೇಲೆಲ್ಲ ಕಾಣುತ್ತದೆ. ಏಟು ಬೀಸುವಾಗ ಮೈ ತಿರುಗಿಸುವ ವೇಗಕ್ಕೆ ಮಿತಿ ಹಾಕಿದರು, ಬುಗುರಿ ಆಟ ಬಹುಮಟ್ಟಿಗೆ ನಿಂತಿತು. ಜಿಗಿಯುವ ವರವನ್ನು ಎಲ್ಲರಿಗೂ ಹಂಚಿದರು. ಮ್ಯಾನ್ ಅಟ್ ಆರ್ಮ್ಸ್ ಸ್ವಂತ ಕ್ಲಾಸ್ ಕಳೆದುಕೊಂಡು ಫುಟ್‌ಮ್ಯಾನ್ ಅನ್ನೋ ಹೊಸ ಕ್ಲಾಸ್‌ನ ಒಳಗೆ ಒಬ್ಬನಾಗಿ ಸೇರಿಕೊಂಡ. ನಾಲ್ಕು ಕ್ಲಾಸ್, ಒಂದೊಂದರಲ್ಲಿ ಮೂರು ಕವಲು, ಒಟ್ಟು 12.

ಬಿಡುಗಡೆಯ ಹೊತ್ತಿಗೆ ಜೀವದ ಲೆಕ್ಕ ಹೀಗಿತ್ತು: ಆರ್ಚರ್‌ಗೆ 90, ವ್ಯಾನ್‌ಗಾರ್ಡ್‌ಗೆ 130, ಫುಟ್‌ಮ್ಯಾನ್‌ಗೆ 150, ನೈಟ್‌ಗೆ 175. ನೈಟ್‌ನ ಸುಮಾರು ಅರ್ಧ ಜೀವ ಆರ್ಚರ್‌ಗೆ. ಅಂದರೆ ಗೋಡೆ ಮೇಲಿನವನ ಹತ್ತಿರ ನೀವು ಹೇಗಾದರೂ ಮಾಡಿ ತಲುಪಿದರೆ ಅವನ ಕಥೆ ಮುಗೀತು. ಆದರೆ ತಲುಪಬೇಕಲ್ಲ! ಆರ್ಚರ್‌ನ ಮೂರು ಕವಲಲ್ಲಿ ಸ್ಕರ್ಮಿಷರ್ ಅಂತ ಒಬ್ಬನಿದ್ದಾನೆ, ಎಸೆಯುವ ಈಟಿ ಹಿಡಿದು ಜನರ ಮಧ್ಯೆ ಬಂದು ಹೊಡೆದಾಡುವವನು. "ಧಮ್ಮಿದ್ರ ಕೆಳಗ ಬಾ" ಅನ್ನೋ ಕೂಗಿಗೆ ಗೇಮ್ ಮಾಡಿದವರು ಕೊಟ್ಟ ಉತ್ತರ ಇವನೇ ಅಂತ ನನಗೆ ಅನ್ನಿಸುತ್ತದೆ.

ಇಷ್ಟಾದರೂ ಜಗಳ ನಿಲ್ಲಲಿಲ್ಲ ಅಂದರೆ ಅದಕ್ಕೆ ಒಂದು ಸಣ್ಣ ಕಾರಣ ನಮ್ಮ ಊರಲ್ಲೇ ಇದೆ. ನನಗೆ ಸಿಗುವ ಸರ್ವರ್‌ಗಳು ಹೆಚ್ಚಾಗಿ ದೂರದ್ದು. ಸುದ್ದಿ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಹೊತ್ತಿಗೆ ಪಿಂಗ್ ಅನ್ನುತ್ತಾರೆ, ಮಿಲಿಸೆಕೆಂಡಿನ ಲೆಕ್ಕ. ಒಳ್ಳೇ ದಿನ 90 ಪಿಂಗ್, ಕೆಟ್ಟ ದಿನ 160 ದಾಟುತ್ತದೆ. ಎದುರಿನವನು ಕತ್ತಿ ಎತ್ತಿದ್ದನ್ನು ಕಂಡು ಗುಂಡಿ ಒತ್ತಲು ಮನುಷ್ಯನಿಗೆ ಸೆಕೆಂಡಿನ ಕಾಲು ಭಾಗ ಬೇಕು. ಅದರ ಮೇಲೆ ಈ 160 ಮಿಲಿಸೆಕೆಂಡು ಸೇರಿಸಿ. ನಾವು ತಡೆದದ್ದು ಸರ್ವರ್‌ಗೆ ಗೊತ್ತಾಗುವಷ್ಟರಲ್ಲಿ ತಲೆ ಕೆಳಗೆ ಬಿದ್ದಿರುತ್ತದೆ. ಇಂಥ ದಿನ ಸಣ್ಣ ಚುರುಕು ಕತ್ತಿಯವರೆಲ್ಲ ನಮಗೆ ಮೋಸಗಾರರ ಹಾಗೆ ಕಾಣುತ್ತಾರೆ. ಸರ್ವರ್ ಪಕ್ಕದಲ್ಲೇ ಕೂತು ಆಡುವವನಿಗೆ ಅದೇ ಕತ್ತಿ ಆಟಿಕೆ. ಇಬ್ಬರೂ ಅಭಿಪ್ರಾಯ ಬರೆಯುತ್ತೇವೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಓದುವವನು ಯಾರ ಮಾತು ಕೇಳಬೇಕು?

ಇನ್ನೊಂದು ವಿಷಯ ನಾನು ಗಮನಿಸಿದ್ದೇನೆ. ಗಾಯಕ್ಕೆ ಪಟ್ಟಿ ಎಸೆಯುವ ಫುಟ್‌ಮ್ಯಾನ್ ಮೇಲೆ, ಬಾವುಟ ನೆಟ್ಟು ಸುತ್ತಲಿನವರಿಗೆ ಜೀವ ತುಂಬುವ ಗಾರ್ಡಿಯನ್ ಮೇಲೆ ನಮ್ಮ ಗುಂಪಿನಲ್ಲಿ ಒಂದು ದಿನವೂ ದೂರು ಬಂದಿಲ್ಲ. ಎದುರು ತಂಡದ ಗಾರ್ಡಿಯನ್ ಬಾವುಟ ನೆಟ್ಟಿದ್ದಕ್ಕೇ ನಾವು ಎಷ್ಟೋ ಸಲ ಸೋತಿದ್ದೇವೆ, ಆದರೆ ಸಾಯುವಾಗ ಅವನ ಮುಖ ಕಾಣಿಸುವುದಿಲ್ಲ ನೋಡಿ, ಅದಕ್ಕೆ ಅವನು ಪಾರು.

2024ರಲ್ಲಿ ಶಿವಲ್ರಿ 2ಕ್ಕೆ ದೊಡ್ಡ ಅಪ್‌ಡೇಟ್ ಬರುವುದು ನಿಂತಿತು, ತಂಡ ಬೇರೆ ಗೇಮ್ ಕಡೆ ಹೋಯಿತು. ಸರ್ವರ್‌ಗಳು ಇವೆ, ಜನ ಇದ್ದಾರೆ. ದೂರು ಬರೆದರೆ ಇನ್ನು ದೊಡ್ಡದೇನೂ ಬದಲಾಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿದ್ದೂ ಬರೆಯುತ್ತಾರೆ.

ಹೋದ ಮಳೆಗಾಲದಲ್ಲಿ ಗೋಕಾಕದವನ ಮನೆಯ ಇಂಟರ್‌ನೆಟ್ ವಾರಗಟ್ಟಲೆ ಕೈಕೊಟ್ಟಿತು. ಪಿಂಗ್ 200ರ ಮೇಲೆ. ನೈಟ್ ಆಗಿ ಹೋದಲ್ಲೆಲ್ಲ ಹೊಡೆಸಿಕೊಂಡ. ಎರಡು ದಿನ ಸುಮ್ಮನಿದ್ದ. ಮೂರನೇ ದಿನ ನೋಡಿದರೆ ನಮ್ಮ ತಂಡದ ಗೋಡೆ ಮೇಲೆ ಒಬ್ಬ ಹೊಸ ಆರ್ಚರ್ ನಿಂತಿದ್ದಾನೆ. ನಾನೂ ಜಮಖಂಡಿಯವನೂ ಏನೂ ಅನ್ನಲಿಲ್ಲ. ಅರ್ಧ ಗಂಟೆ ಅವನಿಂದ ಮಾತೇ ಇಲ್ಲ. ಆಮೇಲೆ ಎದುರು ತಂಡದ ವ್ಯಾನ್‌ಗಾರ್ಡ್ ಒಬ್ಬ ಏಣಿ ಹತ್ತಿ ಬಂದು ಒಂದೇ ಏಟಿಗೆ ಅವನನ್ನು ಕೆಡವಿದ.

"ನೋಡಿದ್ರ್ಯಾ? 90 ಜೀವ ಅಂದ್ರ ಏನಲೇ ಅದು, ಒಂದ ಏಟಿಗೆ ಹೋಗತೈತಿ. ಬಾಣಾನೂ ಕಡಿಮಿ ಕೊಟ್ಟಾರ. ಬರೀತೇನ ತಡಿ ಅವರಿಗೆ."

ಬರೆದ ಕೂಡ. ಈ ಸಲ ಒಂದು ಪುಟ.