ಬೆಂಗಳೂರಲ್ಲಿ ಹುಟ್ಟಿದ ಐಡಿಯಾ ಯಾವ ದೇಶದ ಲೆಕ್ಕಕ್ಕೆ?

ಹೊಸದನ್ನು ಹುಟ್ಟುಹಾಕುವುದರಲ್ಲಿ ಯಾವ ದೇಶ ಮುಂದಿದೆ ಅಂತ ಪ್ರತಿ ವರ್ಷ ಒಂದು ಪಟ್ಟಿ ಬರುತ್ತದೆ. ಜಾಗತಿಕ ನಾವೀನ್ಯತಾ ಸೂಚ್ಯಂಕ ಅಂತ ಹೆಸರು. ಹೊರಡಿಸುವುದು ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆ. 2011ರಿಂದ ಮೊದಲ ಸ್ಥಾನ ಸ್ವಿಟ್ಜರ್ಲೆಂಡ್ ಬಿಟ್ಟು ಕದಲಿಲ್ಲ. 2015ರಲ್ಲಿ 81ನೆಯದಾಗಿದ್ದ ಭಾರತ 2025ರಲ್ಲಿ 38ಕ್ಕೆ ಬಂದಿದೆ.

ಖುಷಿಯ ವಿಷಯವೇ. ಆದರೆ ಅಂಕ ಎಲ್ಲಿಂದ ಬಂತು ಅಂತಲೂ ನೋಡಬೇಕು ಅಲ್ವಾ? ಸಂಶೋಧನೆಗೆ ಹಾಕಿದ ದುಡ್ಡು, ಪೇಟೆಂಟ್, ವಿಜ್ಞಾನ ಲೇಖನ, ರಫ್ತು ಹೀಗೆ ಸುಮಾರು 80 ಬಗೆಯ ಅಂಕಿಗಳನ್ನು ಕೂಡಿಸುತ್ತಾರೆ, ಅದರಲ್ಲೂ ಅನೇಕವನ್ನು ಜಿಡಿಪಿಯಿಂದಲೋ ಜನಸಂಖ್ಯೆಯಿಂದಲೋ ಭಾಗಿಸುತ್ತಾರೆ, ಹಾಗಾಗಿ ಪುಟ್ಟ ದೇಶವೂ ದೊಡ್ಡವರನ್ನು ಹಿಂದಿಕ್ಕಬಹುದು. ಐಟಿ ಸೇವೆಗಳ ರಫ್ತಿನಲ್ಲಿ 2024ರ ಪಟ್ಟಿಯಲ್ಲಿ ನಾವೇ ನಂಬರ್ ಒನ್. ಸಂಶೋಧನೆಗೆ ಮಾತ್ರ ನಾವು ಹಾಕುವುದು ಜಿಡಿಪಿಯ ಸುಮಾರು 0.64%. ದಕ್ಷಿಣ ಕೊರಿಯಾ 5%ರ ಹತ್ತಿರ ಹಾಕುತ್ತದೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಕಂಪನಿಗಳದ್ದೇ.

ನನ್ನನ್ನು ಕಾಡುವುದು ಪೇಟೆಂಟ್ ಲೆಕ್ಕ. ಅಂತರರಾಷ್ಟ್ರೀಯ ಪೇಟೆಂಟ್ ಅರ್ಜಿಯ ಮೊದಲ ಪುಟ ತೆಗೆದು ನೋಡಿ. 71 ಅಂತ ಬರೆದ ಕಡೆ ಅರ್ಜಿದಾರರ ಹೆಸರಿರುತ್ತದೆ. 72ರ ಎದುರು ಕಂಡುಹಿಡಿದವರ ಹೆಸರು, ವಿಳಾಸ. ಹೊರವರ್ತುಲ ರಸ್ತೆಯ ಆಫೀಸಿನಲ್ಲಿ ಕೂತು ಹುಡುಗಿಯೊಬ್ಬಳು ಎರಡು ವರ್ಷ ತಲೆ ಕೆಡಿಸಿಕೊಂಡು ಚಿಪ್ಪಿನ ವಿದ್ಯುತ್ ಉಳಿಸುವ ದಾರಿ ಹುಡುಕಿದಳು ಅನ್ನಿ. ಕಂಪನಿ ಅಮೆರಿಕದ್ದು, ಅರ್ಜಿಯೂ ಅಲ್ಲಿನ ಮೂಲ ಕಂಪನಿಯ ಹೆಸರಲ್ಲಿ. 72ರಲ್ಲಿ ಬೆಂಗಳೂರು ಇರುತ್ತದೆ, 71ರಲ್ಲಿ ಕ್ಯಾಲಿಫೋರ್ನಿಯಾ. ದೇಶಗಳ ಪಟ್ಟಿಯವರು ನೋಡುವುದು 71ನ್ನು, ಅದರಲ್ಲೂ ಮೊದಲ ಹೆಸರನ್ನು. ಅಂಕ ಅಮೆರಿಕಕ್ಕೆ ಹೋಯಿತು.

ಅದೇ ಸಂಸ್ಥೆ ನಗರಗಳಿಗೆ ಇನ್ನೊಂದು ಪಟ್ಟಿ ಮಾಡುತ್ತದೆ. ಅಲ್ಲಿ ಎಣಿಸುವುದು 72ರ ವಿಳಾಸವನ್ನು. 2024ರಲ್ಲಿ ಅದರ ಮೊದಲ 100ರಲ್ಲಿ ಬೆಂಗಳೂರು, ದೆಹಲಿ, ಚೆನ್ನೈ, ಮುಂಬೈ ನಾಲ್ಕೂ ಇದ್ದವು. ಒಂದೇ ಅರ್ಜಿ, ಒಂದು ಪಟ್ಟಿಯಲ್ಲಿ ನಮ್ಮದು, ಇನ್ನೊಂದರಲ್ಲಿ ಅವರದು. ಎರಡೂ ಲೆಕ್ಕ ಸರಿಯೇ, ಯಾಕೆಂದರೆ ಬುದ್ಧಿ ಇಲ್ಲಿಯದು, ಹಕ್ಕು ಮತ್ತು ಅದರಿಂದ ಬರುವ ರಾಯಲ್ಟಿ ಅಲ್ಲಿಯದು. ಮುಂದಿನ ಸಲ ಪಟ್ಟಿ ಬಂದಾಗ 38 ಎಷ್ಟಾಯಿತು ಅನ್ನುವುದಕ್ಕಿಂತ ಆ 71ರ ಎದುರು ನಮ್ಮೂರಿನ ಹೆಸರು ಎಷ್ಟು ಕಡೆ ಬಂತು ಅಂತ ತಿಳಿಯುವ ಆಸೆ ನನಗೆ.