ಓಟಿಪಿ ಯಾರ ಫೋನಿಗೆ ಬರುತ್ತದೆ?

ಹೋದ ಮಳೆಗಾಲದಲ್ಲಿ ನನಗೆ ಡೆಂಗ್ಯೂ ಬಂತು. ಎಡಗೈಗೆ ಡ್ರಿಪ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದೆ. ಫೋನು ಸೈಲೆಂಟ್‌ನಲ್ಲಿ ದಿಂಬಿನ ಕೆಳಗಿತ್ತು. ಸಂಜೆ ಹೆಂಡತಿ ತೆಗೆದು ನೋಡಿದರೆ ಒಂದೇ ನಂಬರಿನಿಂದ 17 ಮಿಸ್ಡ್ ಕಾಲ್. ತುಮಕೂರಿನ ಒಂದು ಹಾರ್ಡ್‌ವೇರ್ ಸಗಟು ಅಂಗಡಿಯವರದು. ಅವರ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಮಾಲು ತುಂಬಿದ ಲಾರಿ ಬೆಳಗ್ಗೆಯಿಂದ ಗೋಡೌನ್ ಮುಂದೆ ನಿಂತಿತ್ತಂತೆ. ಲಾರಿಯಲ್ಲಿ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ, ಅಂದರೆ ಇ-ವೇ ಬಿಲ್, ತೆಗೆಯಲು ಓಟಿಪಿ ಬೇಕು. ಓಟಿಪಿ ಬರುತ್ತಿದ್ದದ್ದು ನನ್ನ ಫೋನಿಗೆ.

ತಪ್ಪು ನನ್ನದೇ. ಜಿಎಸ್‌ಟಿ ನೋಂದಣಿ ದಿನ ಮಾಲೀಕರು "ನಂಗೆ ಇವೆಲ್ಲ ಗೊತ್ತಾಗಲ್ಲ, ನಿಮ್ಮ ನಂಬರೇ ಹಾಕಿಬಿಡಿ" ಅಂದಿದ್ದರು. ಹಾಕಿಬಿಟ್ಟೆ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ಲಾಗಿನ್‌ಗೆ ಎಲ್ಲರಿಗೂ ಪಾಸ್‌ವರ್ಡ್ ಜೊತೆ ಓಟಿಪಿಯೂ ಕಡ್ಡಾಯವಾಯಿತು. ಅವತ್ತಿಂದ ದಿನಾ ಫೋನಿನಲ್ಲಿ ಓದಿ ಹೇಳುತ್ತಿದ್ದೆ. ಅದೂ ಒಂದು ಸೇವೆ ಅಂದುಕೊಂಡಿದ್ದೆ!

ಕಂಪ್ಯೂಟರ್ ನೋಡಿಕೊಳ್ಳುವವನು ಸಿಗದಿದ್ದರೆ ಏನು ಕಷ್ಟ ಅಂತ ಯಾವ ಸಣ್ಣ ಆಫೀಸಿನಲ್ಲಿ ಕೇಳಿದರೂ ಒಂದೇ ಉತ್ತರ: "ಕೆಟ್ಟರೆ ರಿಪೇರಿ ಯಾರು ಮಾಡ್ತಾರೆ?" ರಿಪೇರಿಗೆ ಜನ ಸಿಗುತ್ತಾರೆ ಸ್ವಾಮಿ, ಎದುರು ಬೀದಿಯಲ್ಲೇ ಸಿಗುತ್ತಾರೆ. ಆದರೆ ಬಂದವನು ಮೊದಲು ಕೇಳುವುದು ಪಾಸ್‌ವರ್ಡ್. ಅದು ಇರುವುದು ನಮ್ಮಂಥವರ ತಲೆಯಲ್ಲಿ, ನಮ್ಮ ಈಮೇಲ್‌ನಲ್ಲಿ, ನಮ್ಮ ಸಿಮ್ಮಿನಲ್ಲಿ.

ಆಸ್ಪತ್ರೆಯಿಂದ ಬಂದ ಮೇಲೆ ಆ ಅಂಗಡಿಯಲ್ಲಿ ನನ್ನ ಹೆಸರಿನಲ್ಲಿ ಏನೇನಿದೆ ಅಂತ ಬರೆಯುತ್ತಾ ಕೂತೆ. ನಾಚಿಕೆಯಾಯಿತು. ವೆಬ್‌ಸೈಟ್ ಹೆಸರು ನನ್ನ ಜಿಮೇಲ್‌ನಲ್ಲಿ ನೋಂದಣಿ. ಅದನ್ನು ವರ್ಷ ವರ್ಷ ನಾನೇ ರಿನೀವಲ್ ಮಾಡುತ್ತಿದ್ದೆ. ಒಂದು ವರ್ಷ ಮರೆತರೆ ವೆಬ್‌ಸೈಟ್ ಜೊತೆಗೆ ಅದೇ ಹೆಸರಿನ ಈಮೇಲ್‌ಗಳೂ ನಿಲ್ಲುತ್ತವೆ. ಮಾಲೀಕರ ಡಿಜಿಟಲ್ ಸಹಿಯ ಟೋಕನ್ ನನ್ನ ಬ್ಯಾಗಿನಲ್ಲಿ. ನೋಡಲು ಪೆನ್‌ಡ್ರೈವ್ ಥರ ಇರುತ್ತದೆ, ಆದರೆ ಅದು ಅವರ ಸಹಿ. ಬೇರೆಯವರ ಸಹಿಯನ್ನು ನಾನು ಊರೆಲ್ಲಾ ಹೊತ್ತುಕೊಂಡು ತಿರುಗುತ್ತಿದ್ದೆ ಅಲ್ವಾ?

ಎಲ್ಲಕ್ಕಿಂತ ಹೆದರಿಸಿದ್ದು ಅಕೌಂಟೆಂಟ್ ಹುಡುಗಿಯ ಹೊಸ ಲ್ಯಾಪ್‌ಟಾಪ್. ವಿಂಡೋಸ್ 11 ಹಾಕುವಾಗ ಬೇಗ ಮುಗಿಯಲಿ ಅಂತ ನನ್ನ ಮೈಕ್ರೋಸಾಫ್ಟ್ ಅಕೌಂಟಿನಲ್ಲೇ ಸೈನ್ ಇನ್ ಆಗಿದ್ದೆ. ಹಾಗೆ ಮಾಡಿದಾಗ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬೀಳುತ್ತದೆ, ಅದರ 48 ಅಂಕಿಯ ರಿಕವರಿ ಕೀ ಆ ಅಕೌಂಟಿಗೇ ಹೋಗಿ ಕೂರುತ್ತದೆ. ಮುಂದೆ ಮದರ್‌ಬೋರ್ಡ್ ಬದಲಾಯಿಸಿದರೋ ಬಯೋಸ್ ಅಪ್‌ಡೇಟ್ ಆಯಿತೋ, ಪರದೆ ನೀಲಿಯಾಗಿ ಆ 48 ಅಂಕಿ ಕೇಳಬಹುದು. ಆಗ ನಾನು ಸಿಗದಿದ್ದರೆ ಡಿಸ್ಕ್‌ನಲ್ಲಿದ್ದದ್ದು ಹೋದಂತೆಯೇ. ಆ ಅಂಕಿಗಳನ್ನು ಪ್ರಿಂಟ್ ತೆಗೆದು ಕ್ಯಾಶ್ ಪೆಟ್ಟಿಗೆಯಲ್ಲಿ ಇಡಿಸಿದೆ.

ಓಟಿಪಿ ಸರಿಮಾಡಲು ಬೇಕಾದದ್ದು ಒಂದು ಮಧ್ಯಾಹ್ನ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಮೊಬೈಲ್ ನಂಬರ್ ಬದಲಾಯಿಸಲು ಅಧಿಕಾರಿಯ ಒಪ್ಪಿಗೆ ಬೇಕಿಲ್ಲ. ಮಾಲೀಕರ ನಂಬರ್ ಹಾಕಿದೆವು. ಅವರು ತಿರುಪತಿಗೆ ಹೋದರೆ ಮತ್ತೆ ಅದೇ ಕಥೆ ಆಗಬಾರದಲ್ಲ, ಅದಕ್ಕೆ ಇ-ವೇ ಬಿಲ್ ಪೋರ್ಟಲ್‌ನಲ್ಲಿ ಅಕೌಂಟೆಂಟ್‌ಗೂ ಗೋಡೌನ್ ರೈಟರ್‌ಗೂ ಬೇರೆ ಬೇರೆ ಸಬ್-ಯೂಸರ್, ಅಂದರೆ ಅಂಗಡಿಯ ಖಾತೆಯ ಕೆಳಗೇ ಪ್ರತ್ಯೇಕ ಲಾಗಿನ್, ಮಾಡಿಕೊಟ್ಟೆ. ಅವರವರ ಓಟಿಪಿ ಅವರವರ ಫೋನಿಗೆ. ಈ ಸೌಲಭ್ಯ ಮೊದಲಿನಿಂದಲೂ ಅಲ್ಲೇ ಇತ್ತು.

ಆಮೇಲೆ ಒಂದು ನೋಟ್‌ಬುಕ್. ಕಂಪ್ಯೂಟರಿನಲ್ಲಿ ಬೇಡ, ಕಂಪ್ಯೂಟರೇ ಕೈಕೊಟ್ಟಾಗ ತಾನೇ ಅದು ಬೇಕಾಗುವುದು? ಒಂದು ಕೆಲಸಕ್ಕೆ ಒಂದು ಪುಟ. ಇಂಟರ್‌ನೆಟ್ ಪುಟದಲ್ಲಿ ಹೀಗೆ ಬರೆದಿದ್ದೇನೆ: "ಬಿಳಿ ಡಬ್ಬಿಯಲ್ಲಿ ಎಲ್‌ಓಎಸ್ ಅಂತ ಇರುವ ದೀಪ ನೋಡಿ. ಕೆಂಪಾಗಿದ್ದರೆ ಹೊರಗೆ ಫೈಬರ್ ತುಂಡಾಗಿರಬಹುದು, ಕಂಪನಿಗೆ ಫೋನ್ ಮಾಡಿ. ಕೆಂಪು ಇಲ್ಲ, ಆದರೂ ನೆಟ್ ಇಲ್ಲ ಅಂದರೆ ಸ್ವಿಚ್ ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಆನ್ ಮಾಡಿ. ಸಣ್ಣ ತೂತಿನೊಳಗೆ ಪಿನ್ ಚುಚ್ಚಬೇಡಿ." ಕೊನೆಯ ಸಾಲಿಗೆ ಕೆಂಪು ಶಾಯಿಯ ಗೀಟು. ಆ ತೂತು ರೀಸೆಟ್. ಚುಚ್ಚಿದರೆ ಒಳಗಿನ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲಾ ಅಳಿಸಿಹೋಗುತ್ತದೆ. ಅರ್ಧ ಗಂಟೆಯ ತೊಂದರೆ ಎರಡು ದಿನದ್ದಾಗುತ್ತದೆ. ಇದನ್ನು ಯಾರಾದರೂ ಉತ್ಸಾಹಿ ಹುಡುಗ ಚುಚ್ಚಿಯೇ ಚುಚ್ಚುತ್ತಾನೆ, ನೋಡಿದ್ದೇನೆ.

ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಬ್ಯಾಕಪ್ ದಿನಾ ಪೆನ್‌ಡ್ರೈವ್‌ಗೆ ಆಗುತ್ತಿತ್ತು. ವಾಪಸ್ ತರುವುದು ಯಾರಿಗೂ ಗೊತ್ತಿರಲಿಲ್ಲ. ಈಗ ತಿಂಗಳಿಗೊಮ್ಮೆ ಅಕೌಂಟೆಂಟ್ ಹುಡುಗಿ ಬೇರೊಂದು ಫೋಲ್ಡರಿಗೆ ರಿಸ್ಟೋರ್ ಮಾಡಿ, ಹಿಂದಿನ ದಿನದ ಕೊನೆಯ ವೋಚರ್ ಕಾಣುತ್ತದಾ ಅಂತ ನೋಡುತ್ತಾಳೆ. ಬೇರೆ ಫೋಲ್ಡರ್ ಅನ್ನುವುದು ಮುಖ್ಯ, ಅಲ್ಲೇ ಮಾಡಿದರೆ ಇರುವ ಲೆಕ್ಕದ ಮೇಲೆ ಹಳೆಯದು ಕೂತುಬಿಡುತ್ತದೆ. ಲೆಕ್ಕಕ್ಕೇ ಬೀಗ ಹಾಕುವ ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ ಅದೂ ನೋಟ್‌ಬುಕ್‌ನಲ್ಲಿ ಇರಬೇಕು. ಮರೆತರೆ ಟ್ಯಾಲಿ ಕಂಪನಿಯವರೂ ತೆಗೆದುಕೊಡಲಾರರು. ಅದೇ ಪೆನ್‌ಡ್ರೈವ್‌ನಲ್ಲಿ ನುಡಿ ಫಾಂಟ್‌ಗಳನ್ನೂ ಹಾಕಿಟ್ಟೆ. ಆ ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಹಳೇ ಕನ್ನಡ ಪತ್ರ ತೆರೆದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದಲ್ಲ, "ವೈರಸ್ ಬಂದಿದೆ" ಅಂತ ನನಗೆ ಬರುವ ಫೋನುಗಳಲ್ಲಿ ಎಷ್ಟೋ ಅದೇ.

ಇಷ್ಟೆಲ್ಲಾ ಕೊಟ್ಟರೆ ನಿಮ್ಮ ಹೊಟ್ಟೆಪಾಡು ಏನು ಅಂತ ಒಬ್ಬ ಗೆಳೆಯ ಕೇಳಿದ. ಆ ಭಯ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ. ಆ ಅಂಗಡಿ ಈ ವರ್ಷವೂ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದದ, ದುಡ್ಡು ಕೊಟ್ಟಿದೆ. ಫೋನು ಮಾತ್ರ ಕಡಿಮೆಯಾಗಿದೆ.

ಎಲ್ಲಾ ಆದ ಮೇಲೆ, ನಾನಿಲ್ಲದೆ ನಡೆಯುತ್ತದಾ ನೋಡೋಣ ಅಂತ ಒಂದು ಬುಧವಾರ, ಮಾಲೀಕರಿಗಷ್ಟೇ ಹೇಳಿ, ಫೋನ್ ಆಫ್ ಮಾಡಿ ಎದುರಿನ ಹೋಟೆಲಿನಲ್ಲಿ ಕೂತೆ. 20ನೇ ತಾರೀಖಿನ ಆಸುಪಾಸು ಬೇಡ ಅಂತ ನೋಡಿಯೇ ದಿನ ಆರಿಸಿದ್ದೆವು, ಜಿಎಸ್‌ಟಿಯ 3ಬಿ ರಿಟರ್ನ್ ಸಲ್ಲಿಸುವ ಗಲಾಟೆಯಲ್ಲಿ ಇಂಥ ಆಟ ಆಡಬಾರದು. ಮಾಲೀಕರು ಸುಮ್ನೆ ನೆಟ್ ಡಬ್ಬಿಯ ವೈರ್ ಕಿತ್ತು, ಕಪಾಟು ಮುಚ್ಚಿ ಬಂದರು. ನಾನು ಎರಡನೇ ಕಾಫಿ ಹೇಳುವಷ್ಟರಲ್ಲಿ ಗೋಡೌನ್ ರೈಟರ್ ನೋಟ್‌ಬುಕ್ ಹಿಡಿದುಕೊಂಡೇ ರಸ್ತೆ ದಾಟಿ ಬಂದ. ಸರಿಯಾದ ಪುಟವನ್ನೇ ತೆರೆದಿದ್ದ. ದೀಪ ನೋಡಬೇಕು ಅಂತಲೂ ಗೊತ್ತಿತ್ತು. ಆದರೆ ಡಬ್ಬಿ ಇರುವ ಕಪಾಟು ಮುಚ್ಚಿದರೆ ತಾನೇ ಬೀಗ ಬೀಳುವಂಥದ್ದು. ಅದರ ಕೀ ನನ್ನ ಬೈಕಿನ ಕೀ ಗೊಂಚಲಿನಲ್ಲಿತ್ತು.